ಕಾನೂನಿನ ಅರಿವೂ ದಾಸೋಹವಾಗಲಿ

ಸುತ್ತೂರು ಮಠದ ಆಶ್ರಯದ ಜೆಎಸ್‌ಎಸ್ ಕಾನೂನು ಕಾಲೇಜು 1982ರಿಂದ ಮೈಸೂರಿನಲ್ಲಿದೆ. ಇಂದು ಕಾನೂನು ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ಜನರ ಅಹವಾಲು ಕೇಳುವುದೂ ಕಲಿಕೆಯ ಭಾಗವೇ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಿಗೆ ಒಂದು ದಿನದ ಶಿಬಿರ, ಒಂದು ಭಾಷಣ ಸಾಲದು ಎಂಬುದು ನನ್ನ ಅಭಿಪ್ರಾಯ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಕೇಳಲು ಅಂಜುವ ಹೆಣ್ಣುಮಗಳಿಗೆ 2005ರ ತಿದ್ದುಪಡಿಯ ಬಲವಿದೆ. ಕೋಟೆಯ ಹಾಡಿಗಳ ಜೇನುಕುರುಬರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಕೊರತೆ ಕಾನೂನಿನದಲ್ಲ, ಕಾಗದಪತ್ರ ಓದಿ ಹೇಳಿ, ಕಚೇರಿಯವರೆಗೆ ಜೊತೆಗೆ ಬರುವವರದು.

ವಿದ್ಯಾರ್ಥಿ ಕೋರ್ಟಿನಲ್ಲಿ ವಾದಿಸುವಂತಿಲ್ಲ, ನಿಜ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಬರೆದುಕೊಡಬಹುದಲ್ಲ! ಬರೆದುಕೊಟ್ಟವರೇ ಮುಂದಿನ ತಿಂಗಳು ಅದೇ ಮನೆಗೆ ಹೋಗಿ ವಿಚಾರಿಸಲಿ. ಎಷ್ಟು ಶಿಬಿರ ನಡೆದವು ಎಂಬುದಕ್ಕಿಂತ ಎಷ್ಟು ಅರ್ಜಿ ಇತ್ಯರ್ಥವಾದವು ಎಂಬ ಲೆಕ್ಕವನ್ನು ಕಾಲೇಜುಗಳು ಕೊಡಲಿ. ನಮ್ಮ ಮಠಗಳು ತಿಂಗಳಿಗೊಂದು ದಿನ ಅದಕ್ಕೆ ಜಾಗ ಕೊಡಲಿ, ಬಂದವರ ಜಾತಿ ಕೇಳದೆ. ಅನ್ನ, ಅಕ್ಷರದ ಜೊತೆಗೆ ನ್ಯಾಯದ ದಾರಿ ತೋರಿಸುವುದೂ ದಾಸೋಹವೇ.