ಮೋಗ್ಲಿಯೂ ಮಣ್ಣೆತ್ತೂ

ಕಾಲೇಜಿನ ಮೆಟ್ಟಿಲು ಹತ್ತಿದೊಡನೆ ಬಾಲ್ಯದ ಕಾರ್ಟೂನು, ಆಟಿಕೆಗಳ ಮಾತೆತ್ತಲು ನಾಚುವ ತರುಣರು ಅನೇಕರು. ‘ಅದೆಲ್ಲ ಎಳೆಯರ ಆಟ’ ಎಂದು ಅವರು ನಕ್ಕುಬಿಡುತ್ತಾರೆ. ಈ ನಗೆ ನಮಗೆ ಸಮ್ಮತವಲ್ಲ. ಅಂದು ಕಣ್ತುಂಬ ನೋಡಿದುದನ್ನು ಇಂದು ಬುದ್ಧಿಯಿಟ್ಟು ನೋಡುವುದೂ ವಿದ್ಯಾಭ್ಯಾಸವೇ ಸರಿ.

ಉಪಗ್ರಹದ ಮೂಲಕ ಹಳ್ಳಿಗಳಿಗೆ ಪಾಠ ಹೇಳಿದ 1975–76ರ ‘ಸೈಟ್’ ಪ್ರಯೋಗಕ್ಕೆ ಆಯ್ಕೆಯಾದ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಮುಂದೆ 1990ರ ದಶಕದಲ್ಲಿ ದೂರದರ್ಶನವು ‘ಜಂಗಲ್ ಬುಕ್’ ಎಂಬ ಜಪಾನೀ ಕಾರ್ಟೂನು ಮಾಲೆಯನ್ನು ಹಿಂದಿಯಲ್ಲಿ ತೋರಿಸಿತು. ಅದನ್ನು ಮೆಚ್ಚಿದ ಮಕ್ಕಳು ಇಂದು ಗೃಹಸ್ಥರು. ಅವರು ಮತ್ತೊಮ್ಮೆ ಮೋಗ್ಲಿಯನ್ನು ನೋಡಲಿ. ಇಂಥ ಮಾಲೆಗಳಲ್ಲಿ ಪಾತ್ರದ ಬಾಯಿ ಮಾತ್ರ ಆಡಿ ಮೈ ನಿಶ್ಚಲವಾಗಿರುವುದುಂಟು. ಚಲಚ್ಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಸಾಗುತ್ತವೆ. ಅಷ್ಟಕ್ಕೂ ಬೇರೆ ಬೇರೆ ಚಿತ್ರ ಬರೆಯುವುದು ದುಬಾರಿ. ಆದುದರಿಂದ ಕಲಾವಿದರು ಒಂದೇ ಚಿತ್ರವನ್ನು 3 ಚೌಕಟ್ಟುಗಳವರೆಗೆ ಉಳಿಸಿ, 8 ಚಿತ್ರಗಳಲ್ಲಿಯೇ ಸೆಕೆಂಡನ್ನು ಸಾಗಿಸುತ್ತಾರೆ. ಬಿಡಿಚಿತ್ರಗಳನ್ನು ಕೂಡಿಸಿ ಚಲನೆಯಾಗಿ ಕಾಣಿಸುವುದು ನಮ್ಮ ಮಿದುಳು!

ಆಟಿಕೆಯ ವಿಷಯವೂ ಹೀಗೆಯೇ. ಕಾರ್ಟೂನಿನ ಬೊಂಬೆಗಳು ಆಳಂದ, ಅಫಜಲಪುರ, ಜೇವರ್ಗಿಗಳ ಹಳ್ಳಿಯ ಮಕ್ಕಳಿಗೆ ಅಂದು ಎಷ್ಟು ದೊರೆತಾವು? ಅವರ ಕೈಯಲ್ಲಿದ್ದುದು ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಿಂದ ಮಾಡಿದ ಜೋಡೆತ್ತು. ಒಣಗಿದ ಎತ್ತು ಬಿರಿದಾಗ ಅತ್ತ ಮಗು, ಬೆಳೆದ ಮೇಲಾದರೂ ‘ಏಕೆ ಬಿರಿಯಿತು?’ ಎಂದು ಕೇಳಬೇಡವೆ? ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿಖನಿಜಗಳು ಹೇರಳ. ಅವುಗಳ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ; ನೀರು ಆರಿದರೆ ಕುಗ್ಗುತ್ತದೆ. ಒಳಗಿನ ಹಸಿ ಆರುವ ಮೊದಲೇ ಹೊರಮೈ ಒಣಗಿ ಕುಗ್ಗುವುದರಿಂದ ಬಿರುಕು ಮೂಡುತ್ತದೆ. ಬೇಸಗೆಯಲ್ಲಿ ಎರೆಹೊಲ ಬಾಯಿ ಬಿಡುವುದೂ, ಎರೆನೆಲದ ಮೇಲೆ ಕಟ್ಟಿದ ಗೋಡೆ ಸೀಳುವುದೂ ಈ ಗುಣದಿಂದಲೇ. ಮಣ್ಣೆತ್ತನ್ನು ಅರಿತವನು ತನ್ನ ಹೊಲವನ್ನೂ ಮನೆಯನ್ನೂ ಅರಿತಂತೆ.

ಮರ್ಮ ತಿಳಿದರೆ ಸೊಗಸು ಕೆಡುವುದೆಂದು ಕೆಲವರು ಆಕ್ಷೇಪಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಅದು ಇಮ್ಮಡಿಯಾಗುತ್ತದೆ. ಎಂಟೇ ಚಿತ್ರಗಳಿಂದ ಕಾಡನ್ನೆಲ್ಲ ಓಡಿಸಿದ ಕುಶಲತೆಗೆ ತಲೆದೂಗದವರಾರು?

ಇಂದಿನ ಮಕ್ಕಳಿಗೆ 2008ರಲ್ಲಿ ತೆರೆಗೆ ಬಂದ ಛೋಟಾ ಭೀಮನೂ ಅವನ ಪ್ಲಾಸ್ಟಿಕ್ ಬೊಂಬೆಯೂ ಪ್ರಿಯ. ಅವರ ಪ್ರಶ್ನೆಗಳಿಗೆ ಹಿರಿಯರು ನಕ್ಕರೆ, ವಿಜ್ಞಾನವೆಂಬುದು ದೂರದ ನಗರದ ಪ್ರಯೋಗಶಾಲೆಯ ಸೊತ್ತೆಂದು ಅವರು ತಿಳಿದಾರು. ವಿದ್ಯಾರ್ಥಿ ಮಿತ್ರರು ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಯಂದು ತಮ್ಮ ತಂಗಿಯರೊಡನೆ ಕುಳಿತು ಎರಡು ಎತ್ತು ಮಾಡಲಿ: ಒಂದು ಬರಿಯ ಎರೆಮಣ್ಣಿನದು, ಇನ್ನೊಂದು ಸಣ್ಣಗೆ ಕತ್ತರಿಸಿದ ಹುಲ್ಲು ಬೆರೆಸಿದ್ದು. ಎರಡನ್ನೂ ನೆರಳಿನಲ್ಲಿಟ್ಟು, ಒಣಗಿದ ಮೇಲೆ ಬಿರುಕುಗಳನ್ನು ಎಣಿಸಲಿ.