ಒಂದು ಸಲ ಬಿದ್ದ ಹೆಲ್ಮೆಟ್ ಮತ್ತೆ ಬೇಡ



ಕಳೆದ ತಿಂಗಳು ನಾಯಿ ಅಡ್ಡ ಬಂದು ನಮ್ಮ ಮಾವ ಬೈಕಿನಿಂದ ಬಿದ್ದರು. ತಲೆ ಟಾರು ರಸ್ತೆಗೆ ಬಡಿಯಿತು. ಹೆಲ್ಮೆಟ್ ಇದ್ದದ್ದರಿಂದ ಉಳಿದರು. ಆಮೇಲೆ ಮಾವ ಹೊಸದು ತಗೊಂಡು ಹಳೇದನ್ನು ನಮ್ಮ ಅಪ್ಪನಿಗೆ ಕೊಟ್ಟರು. "ಒಂದು ಗೀರು ಬಿದ್ದಿದೆ ಅಷ್ಟೇ, ಗಟ್ಟಿ ಇದೆ" ಅಂತ ಅಪ್ಪ ದಿನಾ ಅದನ್ನೇ ಹಾಕ್ಕೊಂಡು ಹೋಗ್ತಾರೆ. ಇದು ತಪ್ಪು ಎಂದು ನನ್ನ ಅಭಿಪ್ರಾಯ.

ಹೆಲ್ಮೆಟ್ ಗಟ್ಟಿ ಇರೋದ್ರಿಂದಲೇ ತಲೆ ಉಳಿಯುತ್ತೆ ಅಂತ ಎಲ್ಲರೂ ತಿಳಿದಿದ್ದಾರೆ. ಹಾಗಾದರೆ ಕಬ್ಬಿಣದ ಬಾಂಡ್ಲಿ ಕಟ್ಕೊಂಡರೂ ಸಾಕಿತ್ತಲ್ಲ! ತೆಂಗಿನಕಾಯಿ ನೋಡಿ. ಸಿಪ್ಪೆ ಸಮೇತ ಮರದಿಂದ ಬಿದ್ದರೆ ಒಡೆಯುವುದು ಅಪರೂಪ. ಸುಲಿದ ಕಾಯಿ ಕಲ್ಲಿನ ಮೇಲೆ ಬಿದ್ದರೆ ಎರಡು ಹೋಳು. ಕಾಯಿಯನ್ನು ಕಾಯುವುದು ಒಳಗಿನ ನಾರು.

ಹೆಲ್ಮೆಟ್ಟಿನಲ್ಲೂ ಹಾಗೆಯೇ. ಹೊರಗಿನ ಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಒಳಗಿನ ದಪ್ಪ ಥರ್ಮಾಕೋಲ್ ತಾನು ಜಜ್ಜಿಹೋಗಿ ಪೆಟ್ಟಿನ ಶಕ್ತಿಯನ್ನು ಹೀರಿಕೊಳ್ಳುತ್ತದೆ. ತಲೆ ಥಟ್ಟನೆ ನಿಲ್ಲದೆ ಸ್ವಲ್ಪ ಜಾಗ, ಸ್ವಲ್ಪ ಸಮಯ ತಗೊಂಡು ನಿಲ್ಲುತ್ತದೆ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ನಾವು ಕೈ ಹಿಂದಕ್ಕೆ ಎಳ್ಕೊಳ್ಳೋದು ಯಾಕೆ? ಅದೂ ಇದಕ್ಕೇ.

ಆದರೆ ಜಜ್ಜಿದ ಥರ್ಮಾಕೋಲ್ ಸ್ಪಂಜಿನ ಹಾಗೆ ಮೊದಲಿನಂತೆ ಉಬ್ಬುವುದಿಲ್ಲ. ಒಂದು ಚೂರಿಗೆ ಹೆಬ್ಬೆರಳಿಂದ ಜೋರಾಗಿ ಒತ್ತಿ ನೋಡಿ, ಗುಳಿ ಹಾಗೇ ಉಳಿಯುತ್ತೆ. ಮಾವನ ಹೆಲ್ಮೆಟ್ ತನ್ನ ಕೆಲಸ ಮುಗಿಸಿದೆ. ಮಾವನನ್ನು ಉಳಿಸಿದ್ದು ಅಪ್ಪನನ್ನೂ ಉಳಿಸುತ್ತೆ ಅಂತ ನಂಬೋ ಹಾಗಿಲ್ಲ.

1935ರಲ್ಲಿ ಇಂಗ್ಲೆಂಡಿನಲ್ಲಿ 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದವರು ಹೆಲ್ಮೆಟ್ ಇಲ್ಲದೆ ಮೋಟಾರ್ ಸೈಕಲ್ಲಿನಿಂದ ಬಿದ್ದು ತೀರಿಹೋದರು. ಅವರನ್ನು ನೋಡಿದ ಡಾಕ್ಟರ್ ಹ್ಯೂ ಕೇರ್ನ್ಸ್ ಆಮೇಲೆ ಇಂಥ ಅಪಘಾತಗಳನ್ನು ಅಭ್ಯಾಸ ಮಾಡಿ, ಹೆಲ್ಮೆಟ್ ಜೀವ ಉಳಿಸುತ್ತದೆ ಎಂದು 1941ರಲ್ಲಿ ಬರೆದರು. ಅಷ್ಟು ಹಿಂದೆ ಗೊತ್ತಾದದ್ದನ್ನು ನಾವು ಇನ್ನೂ ಪೊಲೀಸರಿಗೆ ತೋರಿಸೋಕೆ ಮಾತ್ರ ಹಾಕ್ತೀವಿ. ಕೆಲವರದು ಥರ್ಮಾಕೋಲೇ ಇಲ್ಲದ ಬರೀ ಟೋಪಿ. ಕೆಲವರು ಗದ್ದದ ಪಟ್ಟಿಯನ್ನೇ ಹಾಕಲ್ಲ. ಪಟ್ಟಿ ಹಾಕದಿದ್ದರೆ ತಲೆಗಿಂತ ಮೊದಲು ಹೆಲ್ಮೆಟ್ಟೇ ಹಾರಿಹೋಗುತ್ತೆ.

"ದುಡ್ಡೆಲ್ಲಿದೆ?" ಅಂತ ಅಪ್ಪ ಕೇಳ್ತಾರೆ. ಟೈರು ಸವೆದರೆ ಬದಲಾಯಿಸ್ತಾರಲ್ಲ? ತಲೆ ಟೈರಿಗಿಂತ ಕಡಿಮೆಯೇ? ಈ ಹಬ್ಬಕ್ಕೆ ನನಗೆ ಬಟ್ಟೆ ಬೇಡ. ಆ ದುಡ್ಡಿಗೆ ಅಪ್ಪ ಐಎಸ್ಐ ಗುರುತಿನ ಹೊಸ ಹೆಲ್ಮೆಟ್ ತಗೊಳ್ಳಲಿ. ಗೆಳೆಯರೇ, ನಿಮ್ಮ ಮನೆಯ ಹೆಲ್ಮೆಟ್ ಬಿದ್ದಿದೆಯಾ ಅಂತ ಇವತ್ತೇ ಕೇಳಿ.

ತಪ್ಪಿದ್ದರೆ ಗುರುಗಳು ತಿದ್ದಬೇಕು.

– 7ನೇ ತರಗತಿ ವಿದ್ಯಾರ್ಥಿ