ಮೀನು ಹೊತ್ತದ್ದು ಯಾರ ಕಂಟಕ?

ಗಾಜಿನ ತೊಟ್ಟಿಯಲ್ಲಿ ಸಾಕಿದ ಮೀನು ಸತ್ತರೆ ಹೇಳುವುದಕ್ಕೆ ನಮ್ಮ ಊರಿನಲ್ಲಿ ಒಂದು ಸಮಾಧಾನದ ಮಾತು ಸದಾ ಸಿದ್ಧವಾಗಿರುತ್ತದೆ: ‘ಮನೆಗೆ ಬರಬೇಕಾಗಿದ್ದ ಕಂಟಕವನ್ನು ಅದು ತಾನೇ ಹೊತ್ತುಕೊಂಡು ಹೋಯಿತು, ಬಿಡಿ.’ ಈ ಮಾತನ್ನು ಯಲಹಂಕದಲ್ಲಿ ಕೇಳಿದ್ದೇನೆ, ಯಶವಂತಪುರದಲ್ಲಿ ಕೇಳಿದ್ದೇನೆ. ನಾನು ವಾಸವಾಗಿರುವ ಆರ್.ಟಿ. ನಗರದ ಬೀದಿಯಲ್ಲಂತೂ ಆಗಾಗ ಕೇಳುತ್ತಲೇ ಇರುತ್ತೇನೆ. ಹೇಳುವವರು ಓದುಬರಹ ಬಲ್ಲವರು, ಬ್ಯಾಂಕು ಕಚೇರಿಗಳಲ್ಲಿ ಲೆಕ್ಕ ನೋಡುವವರು. ಅವರ ಮಾತಿನಲ್ಲಿ ಸತ್ತ ಪ್ರಾಣಿಯ ಬಗ್ಗೆ ಒಂದು ಬಗೆಯ ಕೃತಜ್ಞತೆಯೂ ಉಂಟು. ಆದರೂ ಇಷ್ಟು ಅನ್ಯಾಯದ ಮಾತು ಇನ್ನೊಂದಿಲ್ಲವೆಂಬುದು ನನ್ನ ವಾದ. ಆ ಮೀನು ಹೊತ್ತದ್ದು ಮನೆಯವರ ಗ್ರಹಚಾರವನ್ನಲ್ಲ. ಹಿಂದಿನ ಭಾನುವಾರ ಮನೆಯವರು ತೊಟ್ಟಿ ತೊಳೆದರಲ್ಲ, ಆ ತೊಳೆತವನ್ನು.

ತೊಳೆಯುವ ವೈಭವವನ್ನು ನೋಡದವರು ಯಾರು? ಮೀನುಗಳನ್ನು ಹಿಡಿದು ಒಂದು ಪ್ಲಾಸ್ಟಿಕ್ ಬಿಂದಿಗೆಗೆ ಹಾಕುತ್ತಾರೆ. ತೊಟ್ಟಿಯ ನೀರನ್ನೆಲ್ಲ ಬಚ್ಚಲಿಗೆ ಚೆಲ್ಲುತ್ತಾರೆ. ಕಲ್ಲು ಹರಳುಗಳನ್ನು ಅಕ್ಕಿ ತೊಳೆದಂತೆ ಏಳು ನೀರಿನಲ್ಲಿ ತೊಳೆಯುತ್ತಾರೆ. ಉತ್ಸಾಹ ಹೆಚ್ಚಿದ್ದವರು ಸೋಪಿನ ಪುಡಿಯನ್ನೂ ಹಾಕುತ್ತಾರೆ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡುತ್ತಾರೆ. ಅನಂತರ ನಲ್ಲಿಯಿಂದಲೇ ಪೈಪು ಹಚ್ಚಿ ತೊಟ್ಟಿಯನ್ನು ತುಂಬಿ, ಮೀನುಗಳನ್ನು ಮತ್ತೆ ಬಿಟ್ಟು, ‘ನೋಡಿ, ಹೇಗೆ ಫಳಫಳ ಹೊಳೆಯುತ್ತಿದೆ!’ ಎಂದು ಬೆನ್ನು ಚಪ್ಪರಿಸಿಕೊಳ್ಳುತ್ತಾರೆ. ಬುಧವಾರದ ಹೊತ್ತಿಗೆ ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತದೆ. ಗುರುವಾರ ಕಂಟಕದ ಮಾತು ಹೊರಡುತ್ತದೆ.

ಕನ್ನಡದಲ್ಲಿ ‘ತಿಳಿ’ ಎಂಬ ಮಾತಿಗೆ ನಿರ್ಮಲ ಎಂದೂ ಅರ್ಥ, ಅರಿ ಎಂದೂ ಅರ್ಥ. ಪಾಠ ಹೇಳುವ ನನಗೆ ಈ ಪದ ಬಹಳ ಪ್ರಿಯವಾದದ್ದು. ಆದರೆ ಮೀನಿನ ತೊಟ್ಟಿಯ ಮುಂದೆ ಈ ಎರಡು ಅರ್ಥಗಳೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ತಿಳಿಯಾಗಿ ಕಂಡ ನೀರನ್ನು ನಾವು ತಿಳಿದಿದ್ದೇವೆ ಎಂದುಕೊಳ್ಳುವುದೇ ಇಲ್ಲಿ ಆಗುವ ಪ್ರಮಾದ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಕ್ಕೆ ಬಿಡುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅದನ್ನೇ ಹೆಚ್ಚಿಸುತ್ತದೆ. ಅಮೋನಿಯಕ್ಕೆ ಬಣ್ಣವಿಲ್ಲ, ಕನ್ನಡಿಯಂಥ ನೀರಿನಲ್ಲಿಯೂ ಅದು ಕೊಲ್ಲುವಷ್ಟು ಇರಬಹುದು. ತೊಟ್ಟಿಯಲ್ಲಿ ಅದನ್ನು ಅಡಗಿಸುವವು ಕಣ್ಣಿಗೆ ಕಾಣದ ಎರಡು ಬಗೆಯ ಬ್ಯಾಕ್ಟೀರಿಯಗಳು. ಒಂದು ಬಗೆಯದು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಇದರ ಬಾಧೆ ಬಹಳ ಕಡಿಮೆ. ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಇಂಥ ಜೀವಿಗಳನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ್ದು ೧೮೯೦ರ ಸುಮಾರಿನಲ್ಲಿ. ಈ ಉಪಕಾರಿಗಳು ಹೆಚ್ಚಾಗಿ ಮನೆಮಾಡಿಕೊಂಡಿರುವುದು ನೀರಿನಲ್ಲಲ್ಲ. ಕಲ್ಲಿನ ಮೇಲೆ, ಗಾಜಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಕೊಳಕು ಸ್ಪಂಜಿನಲ್ಲಿ. ಭಾನುವಾರದ ಯಜ್ಞದಲ್ಲಿ ಆಹುತಿಯಾಗುವವರು ಇವರೇ. ಉಳಿದವರನ್ನು ನಲ್ಲಿಯ ನೀರಿನ ಕ್ಲೋರಿನ್ ನೋಡಿಕೊಳ್ಳುತ್ತದೆ. ಕ್ರಿಮಿಗಳನ್ನು ಕೊಲ್ಲಲೆಂದೇ ಬೆರೆಸಿದ ವಸ್ತುವಿಗೆ ಒಳ್ಳೆಯ ಕ್ರಿಮಿ, ಕೆಟ್ಟ ಕ್ರಿಮಿ ಎಂಬ ಭೇದ ಎಲ್ಲಿಯದು? ಅದು ಮೀನಿನ ಕಿವಿರನ್ನೂ ಸುಡುತ್ತದೆ.

ನಮ್ಮ ಉತ್ತರ ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಹೆಸರಘಟ್ಟದ ನೀರನ್ನು ಊರೆಲ್ಲ ಕುಡಿಯುತ್ತಿದ್ದ ಕಾಲ ಹೋಯಿತು. ೧೯೭೪ರಲ್ಲಿ ಕಾವೇರಿ ನಗರಕ್ಕೆ ಬಂದಳು; ಹೊರವಲಯದ ೧೧೦ ಹಳ್ಳಿಗಳಿಗೆಂದು ರೂಪಿಸಿದ ಐದನೆಯ ಹಂತಕ್ಕೆ ಚಾಲನೆ ದೊರೆತದ್ದು ೨೦೨೪ರ ಅಕ್ಟೋಬರಿನಲ್ಲಿ. ಇಂದಿಗೂ ಎಷ್ಟೋ ಮನೆಗಳ ಸಂಪಿನಲ್ಲಿ ಒಂದು ವಾರ ಕಾವೇರಿ, ಒಂದು ವಾರ ಕೊಳವೆಬಾವಿ, ಒಂದು ವಾರ ಟ್ಯಾಂಕರ್ ನೀರು. ಒಂದರಲ್ಲಿ ಕ್ಲೋರಿನ್, ಇನ್ನೊಂದರಲ್ಲಿ ಗಡಸುತನ. ಮೂರನೆಯದು ಯಾವ ಬಾವಿಯದೋ ಕೇಳುವವರಿಲ್ಲ. ಜತೆಗೆ ಜನವರಿಯ ಬೆಳಗಿನಲ್ಲಿ ಸಂಪಿನ ನೀರು ಕೈ ಕೊರೆಯುತ್ತಿರುತ್ತದೆ. ನೀರು ಹೀಗೆ ವಾರವಾರವೂ ಜಾತಿ ಬದಲಿಸುವ ಊರಿನಲ್ಲಿ ತೊಟ್ಟಿಯ ನೀರನ್ನೆಲ್ಲ ಒಮ್ಮೆಗೇ ಬದಲಿಸುವುದೆಂದರೆ, ಮೀನನ್ನು ರಾತ್ರೋರಾತ್ರಿ ಬೇರೊಂದು ದೇಶಕ್ಕೆ ಎಸೆದಂತೆ.

ಇನ್ನು ಎದುರು ಪಕ್ಷದ ಮಹನೀಯರಿದ್ದಾರೆ. ‘ಫಿಲ್ಟರ್ ಇದೆ, ಗಿಡವಿದೆ, ನೀರು ಬದಲಿಸುವ ಕೆಲಸವೇ ಇಲ್ಲ’ ಎಂದು ಇವರ ಉಪದೇಶ. ನನಗೆ ತೊಟ್ಟಿ ಮಾರಿದ ಅಂಗಡಿಯವರು ಇದೇ ಮಾತನ್ನು ಆಣೆಯಿಟ್ಟು ಹೇಳಿದ್ದರು. ಈ ವಾದಕ್ಕೆ ಒಂದು ಗೌರವದ ಮೂಲ ಉಂಟು. ೧೮೫೦ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಮೀನು, ನೀರುಗಿಡ, ಬಸವನಹುಳುಗಳನ್ನು ಒಟ್ಟಿಗೆ ಇಟ್ಟು, ಅವು ಒಂದಕ್ಕೊಂದು ಆಧಾರವಾಗಿ ಬಾಳಬಲ್ಲವೆಂದು ತೋರಿಸಿದ. ಆದರೆ ಅವನು ಬಿಟ್ಟದ್ದು ಎರಡೇ ಎರಡು ಚಿಕ್ಕ ಚಿನ್ನದ ಮೀನು. ಹನ್ನೆರಡು ಗ್ಯಾಲನ್ ಎಂದರೆ ಸುಮಾರು ೫೪ ಲೀಟರ್. ಇಂದು ನಮ್ಮ ಮನೆಗಳಲ್ಲಿರುವ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯೂ ಹೆಚ್ಚುಕಡಿಮೆ ಅಷ್ಟೇ. ನಾವು ಅದರಲ್ಲಿ ಇಪ್ಪತ್ತು ಮೀನು ತುಂಬಿ, ಪ್ಲಾಸ್ಟಿಕ್ ಗಿಡ ನೆಟ್ಟು, ವಾರಿಂಗ್ಟನ್ನನ ಸಮತೋಲವನ್ನು ಬಯಸುತ್ತೇವೆ! ಫಿಲ್ಟರ್ ಅಮೋನಿಯವನ್ನು ನೈಟ್ರೇಟ್ ಮಾಡಿಸುತ್ತದೆಯೇ ಹೊರತು ನೈಟ್ರೇಟನ್ನು ಮಾಯ ಮಾಡುವುದಿಲ್ಲ. ಅದು ದಿನದಿನಕ್ಕೂ ಕೂಡುತ್ತ ಹೋಗುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ. ಕಲ್ಮಷ ಅಲ್ಲಿಯೇ ಉಳಿಯುತ್ತದೆ.

ಶೃಂಗೇರಿಯ ಮೆಟ್ಟಿಲುಗಳ ಮೇಲೆ ನಿಂತು ಮೀನುಗಳಿಗೆ ಪುರಿ ಎರಚಿದವರಿಗೆ ಇದರ ಗುಟ್ಟು ಹೊಳೆಯಬೇಕು. ಅಲ್ಲಿ ಅಷ್ಟೊಂದು ಮೀನು ಒತ್ತೊತ್ತಾಗಿ ಬಾಳುತ್ತವಲ್ಲ, ಹೇಗೆ? ತುಂಗೆ ಕ್ಷಣಕ್ಷಣವೂ ಹಳೆಯ ನೀರನ್ನು ಒಯ್ದು ಹೊಸ ನೀರನ್ನು ತರುತ್ತಾಳೆ. ಆದರೆ ಆಕೆ ತಳದ ಕಲ್ಲುಗಳನ್ನು ಸೋಪು ಹಚ್ಚಿ ಉಜ್ಜುವುದಿಲ್ಲ! ಗಾಜಿನ ತೊಟ್ಟಿಗೆ ತುಂಗೆಯಿಲ್ಲ. ವಾರಕ್ಕೊಂದು ಬಕೆಟ್ ನೀರೇ ಅದರ ತುಂಗೆ. ತೊಟ್ಟಿಯ ನಾಲ್ಕನೆಯ ಒಂದು ಪಾಲು, ಅಂದರೆ ಹದಿಮೂರು ಹದಿನಾಲ್ಕು ಲೀಟರ್, ವಾರಕ್ಕೊಮ್ಮೆ ತಪ್ಪದೆ ಬದಲಾದರೆ ಸಾಕು. ಇಡೀ ತೊಟ್ಟಿಯನ್ನು ತೊಳೆಯುವ ಪ್ರಸಂಗವೇ ಬಾರದು.

‘ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದೆಲ್ಲ ಆಗುವ ಮಾತೇ?’ ಎಂದು ಕೇಳುವವರಿದ್ದಾರೆ. ನಾನಿರುವುದೂ ಅಂಥ ಮನೆಯಲ್ಲಿಯೇ. ಹನ್ನೆರಡು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಸೋಪು ಸೋಕದ ಒಂದು ಬಕೆಟನ್ನು ಮೀನಿಗೆಂದೇ ಮೀಸಲಿಡಬೇಕು. ಶನಿವಾರ ಅದನ್ನು ತುಂಬಿ, ತೆಳುಬಟ್ಟೆ ಹೊದಿಸಿ, ತೊಟ್ಟಿಯಿರುವ ಕೋಣೆಯಲ್ಲಿಯೇ ಇಟ್ಟು ಎರಡು ಮೂರು ಸಲ ಕಲಕಿದರೆ ಮರುದಿನದ ಹೊತ್ತಿಗೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗಿರುತ್ತದೆ. ನೀರೂ ಕೋಣೆಯ ಹದಕ್ಕೆ ಬಂದಿರುತ್ತದೆ. ಚಳಿಗಾಲದಲ್ಲಿ ಕೊಂಚ ಬಿಸಿನೀರು ಬೆರೆಸಿ ಕೈಯಿಂದ ಮುಟ್ಟಿ ಸಮ ಮಾಡಿಕೊಳ್ಳಬೇಕು. ಕಾಯುವ ವ್ಯವಧಾನವಿಲ್ಲದವರಿಗೆ ಥಯೋಸಲ್ಫೇಟಿನ ಹನಿಗಳು ಅಂಗಡಿಯಲ್ಲಿ ದೊರೆಯುತ್ತವೆ.

ತೊಟ್ಟಿಗೆ ಕೈ ಹಾಕುವ ಮೊದಲು ಸ್ವಿಚ್ಚುಗಳನ್ನೆಲ್ಲ ಆರಿಸಿ, ಪ್ಲಗ್ಗುಗಳನ್ನು ಕೀಳಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಏಕೆಂದರೆ ಎಷ್ಟೋ ಮನೆಗಳಲ್ಲಿ ಎಕ್ಸ್‌ಟೆನ್ಷನ್ ಬೋರ್ಡು ತೊಟ್ಟಿಯ ಕೆಳಗೆ ನೆಲದ ಮೇಲೆಯೇ ಬಿದ್ದಿರುವುದನ್ನು ಕಂಡಿದ್ದೇನೆ. ಬೋರ್ಡು ಗೋಡೆಯ ಮೇಲಿರಬೇಕು. ತಂತಿ ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲಕ್ಕೆ ಹೋಗಬೇಕು. ಆಗ ತಂತಿಯ ಗುಂಟ ಇಳಿದ ಹನಿ ಆ ಜೋಲಿನಲ್ಲಿಯೇ ನೆಲಕ್ಕೆ ಬೀಳುತ್ತದೆ. ಹೀಟರ್ ಇದ್ದರೆ ಹದಿನೈದು ನಿಮಿಷ ಮೊದಲೇ ಆರಿಸಬೇಕು; ಕಾದ ಗಾಜು ಗಾಳಿಗೆ ತೆರೆದರೆ ಸೀಳುತ್ತದೆ.

ನೀರೆಳೆಯಲು ಪೈಪನ್ನು ಬಾಯಿಗಿಟ್ಟು ಹೀರುವ ಪದ್ಧತಿಯಂತೂ ತೊಲಗಲೇಬೇಕು. ಪೈಪನ್ನು ನಲ್ಲಿಯಲ್ಲಿ ತುಂಬಿಸಿ ಎರಡು ತುದಿಗಳನ್ನೂ ಹೆಬ್ಬೆರಳಿನಿಂದ ಮುಚ್ಚಿ, ಒಂದನ್ನು ತೊಟ್ಟಿಯಲ್ಲಿಯೂ ಇನ್ನೊಂದನ್ನು ಕೆಳಗಿನ ಖಾಲಿ ಬಕೆಟಿನಲ್ಲಿಯೂ ಬಿಟ್ಟರೆ ನೀರು ತಾನಾಗಿ ಇಳಿಯುತ್ತದೆ. ಕೈಯಲ್ಲಿ ಗಾಯವಿದ್ದವರು ತೊಟ್ಟಿಗೆ ಕೈ ಹಾಕಬಾರದು. ಆ ನೀರಿನಿಂದ ಚರ್ಮಕ್ಕೆ ಹತ್ತುವ, ಬೇಗ ವಾಸಿಯಾಗದ ಸೋಂಕು ಒಂದುಂಟು. ಪೈಪನ್ನು ಬಚ್ಚಲಿಗೆ ಬಿಟ್ಟು ಫೋನು ಮಾತನಾಡಲು ಹೋಗುವ ಅನುಕೂಲಸ್ಥರಿಗೆ ನನ್ನ ಸಲಹೆ: ಬಕೆಟಿಗೇ ಬಿಡಿ, ಪಕ್ಕದಲ್ಲಿಯೇ ಕುಳಿತಿರಿ. ಬಕೆಟ್ ತುಂಬಿತೆಂದರೆ ಅಳತೆ ಮುಗಿಯಿತು. ಸ್ಪಂಜನ್ನು ಈ ತೆಗೆದ ನೀರಿನಲ್ಲಿಯೇ ಅದ್ದಿ ಒಮ್ಮೆ ಹಿಂಡಿದರೆ ಸಾಕು. ಹೊಸ ನೀರನ್ನು ಚೊಂಬಿನಿಂದ ನಿಧಾನವಾಗಿ ಎರೆಯಬೇಕು. ಒಟ್ಟು ಇಪ್ಪತ್ತು ನಿಮಿಷದ ಕೆಲಸ.

ಮೂರನೆಯ ಆಕ್ಷೇಪವೇ ಗಂಭೀರವಾದದ್ದು: ನೂರು ಕಿಲೋಮೀಟರಿನಷ್ಟು ದೂರದಿಂದ ಏರಿಸಿ ತಂದ ಕಾವೇರಿಯನ್ನು ಮೀನಿಗೆ ಸುರಿಯುವುದು ನ್ಯಾಯವೇ? ೨೦೨೪ರ ಮಾರ್ಚಿಯಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ ೫,೦೦೦ ರೂಪಾಯಿ ದಂಡ ಸಾರಿದ್ದು ಯಾರಿಗೂ ಮರೆತಿಲ್ಲ. ಈ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಲೆಕ್ಕದಿಂದಲೇ ಉತ್ತರಿಸುತ್ತೇನೆ. ವಾರಕ್ಕೆ ಹದಿಮೂರು ಲೀಟರಿನಂತೆ ವರ್ಷಕ್ಕೆ ೬೭೬ ಲೀಟರ್ ಆಗುತ್ತದೆ. ವಾರವಾರವೂ ತೊಟ್ಟಿ ಬರಿದುಮಾಡಿ ತುಂಬುವ ಶುಚಿವಂತರಿಗೆ ಬೇಕಾಗುವುದು ೨,೮೦೦ ಲೀಟರಿಗೂ ಹೆಚ್ಚು. ಕಲ್ಲು ತೊಳೆದ ನೀರು ಬೇರೆ. ಮೇಲಾಗಿ ನನ್ನ ಬಕೆಟ್ ಬಚ್ಚಲಿಗೆ ಹೋಗುವುದಿಲ್ಲ. ಮೀನಿನ ನೀರಿನಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ. ನಮ್ಮ ಮನೆಯ ದೊಡ್ಡಪತ್ರೆ, ಕರಿಬೇವು, ಗುಲಾಬಿ ಬೆಳೆದದ್ದೇ ಈ ನೀರಿನಿಂದ. ಅವಕ್ಕೆಂದು ಬೇರೆ ನೀರನ್ನು ಹಾಯಿಸಿಲ್ಲ. ತುಳಸಿಗೆ ಮೈಲಿಗೆಯೆನ್ನುವವರು ತುಳಸಿಯನ್ನು ಬಿಟ್ಟು ಉಳಿದವಕ್ಕೆ ಹಾಕಲಿ. ಮೀನಿಗೆ ಉಪ್ಪು, ಔಷಧ ಹಾಕಿದ ವಾರ ಮಾತ್ರ ಗಿಡಕ್ಕೆ ಬೇಡ.

ಇಷ್ಟನ್ನು ಮಾಡಲಾರದವರು ಮೀನು ಸಾಕಬಾರದು ಎಂದರೆ ನನ್ನನ್ನು ಕಟುಕನೆನ್ನಬೇಡಿ. ಮಗು ಹಠ ಮಾಡಿತೆಂದು ತಂದೆ ತರುತ್ತಾನೆ, ವಾಸ್ತುವಿನವರು ಹೇಳಿದರೆಂದು ಅಜ್ಜ ಈಶಾನ್ಯದಲ್ಲಿ ಇಡಿಸುತ್ತಾನೆ, ಬಕೆಟ್ ಹೊರುವವಳು ತಾಯಿ. ಆಕೆ ಬೇಸತ್ತ ದಿನ ಮುಸ್ಸಂಜೆಯಲ್ಲಿ ಮೀನನ್ನು ಹೆಬ್ಬಾಳದ ಕೆರೆಗೋ ಜಕ್ಕೂರಿನ ಕೆರೆಗೋ ಒಯ್ದು ‘ಬಿಡುಗಡೆ’ ಮಾಡುವ ಪುಣ್ಯಕಾರ್ಯ ನಡೆಯುತ್ತದೆ. ಕೆಂಪೇಗೌಡರು ಕಟ್ಟಿಸಿದರೆಂದು ನಾವು ಅಭಿಮಾನಪಡುವ ಕೆರೆ ಅಂಗಡಿಯ ಮೀನುಗಳ ಅನಾಥಾಲಯವಲ್ಲ. ಬಿಟ್ಟ ಮೀನು ಸಾಯುತ್ತದೆ. ಸಾಯದಿದ್ದರೆ ಇನ್ನೂ ಕೆಡಕು. ಗಾಜಿನ ಪಾಚಿ ತಿನ್ನಲೆಂದು ತರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ನಮ್ಮ ದೇಶದ ಎಷ್ಟೋ ಕೆರೆನದಿಗಳನ್ನು ಸೇರಿ ಅಲ್ಲಿನ ಮೀನುಗಳ ಅನ್ನ ಕಸಿಯುತ್ತಿದೆ. ಬೇಡವಾದ ಮೀನನ್ನು ಸಾಕುವ ಇನ್ನೊಬ್ಬರಿಗೆ ಕೊಡಬೇಕು, ಇಲ್ಲವೆ ಅಂಗಡಿಗೆ ಹಿಂದಿರುಗಿಸಬೇಕು. ಕೆರೆಗೆ ಮಾತ್ರ ಕೂಡದು.

ನಮ್ಮನ್ನು ಕಾಪಾಡಿರೆಂದು ನಾವು ಮೀನನ್ನು ಕೇಳಿಕೊಳ್ಳುವುದು ವಿಚಿತ್ರ. ನಾಲ್ಕು ಗಾಜುಗಳ ನಡುವೆ ನಾವೇ ತಂದು ಇರಿಸಿದ ಪ್ರಾಣಿ ಅದು. ಉಸಿರಾಡುವ ನೀರನ್ನು ತಾನಾಗಿ ಬದಲಿಸಿಕೊಳ್ಳಲು ಅದಕ್ಕೆ ಶಕ್ತಿಯಿಲ್ಲ, ‘ಸಾಕು, ತೊಳೆಯಬೇಡಿ’ ಎಂದು ಕೂಗಲು ದನಿಯಿಲ್ಲ. ಅದರ ಕಂಟಕವನ್ನು ವಾರಕ್ಕೊಂದು ಬಕೆಟಿನಷ್ಟು ನಾವು ಹೊರಬೇಕು. ಅಷ್ಟನ್ನು ಹೊತ್ತವರ ಮನೆಯಲ್ಲಿ ಮೀನು ಸತ್ತರೂ, ಆಯುಸ್ಸು ಮುಗಿದು ಸತ್ತಿತು ಎಂದು ನಿಜವನ್ನೇ ಹೇಳಬಹುದು.